ನಾನು ಕೆರೆಗೆ ಬಿಡದ ಮೀನು

ನಾನು ನಿವೃತ್ತನಾದ ದಿನ ಕಚೇರಿಯ ಅಂಗಳದಲ್ಲಿ ಶಾಮಿಯಾನ ಹಾಕಿ, ಕೊರಳಿಗೊಂದು ಹಾರ ಹಾಕಿ, ಮೂರು ಜನ ಭಾಷಣ ಮಾಡಿದರು. ಮೂವರೂ ಹೇಳಿದ್ದು ಒಂದೇ ಮಾತು: ಇವರು ಈ ಸೀಮೆಯ ಕೆರೆಕಟ್ಟೆಗಳಿಗೆ ಲೆಕ್ಕವಿಲ್ಲದಷ್ಟು ಮೀನು ಬಿಟ್ಟವರು. ನಾನು ಕೈಮುಗಿದುಕೊಂಡು ಕೂತಿದ್ದೆ. ಮೀನು ಬಿಡುವುದು ಏನು ಮಹಾ ಕೆಲಸ? ಡಬ್ಬ ಬಗ್ಗಿಸಿದರೆ ಮೀನು ತಾನಾಗಿಯೇ ಹೋಗುತ್ತದೆ, ಅದಕ್ಕೆ ಸರ್ಕಾರ ಸಂಬಳ ಕೊಡಬೇಕಾಗಿಲ್ಲ. ಸಂಬಳಕ್ಕೆ ತಕ್ಕ ಕೆಲಸ ಮಾಡಿದೆ ಎಂದು ನನಗೆ ಅನ್ನಿಸುವುದು, ಡಬ್ಬಗಟ್ಟಲೆ ಮೀನನ್ನು ಕೆರೆಗೆ ಬಿಡದೆ ಇದ್ದ ಒಂದು ಬೆಳಿಗ್ಗೆ. ಅದಕ್ಕೆ ಹಾರ ಸಿಗಲಿಲ್ಲ, ಮೆಮೊ ಸಿಕ್ಕಿತು. ಹಾರ ಮಾರನೆಯ ದಿನವೇ ಬಾಡಿತು. ಮೆಮೊ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ.

ಇಲಾಖೆಗೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಎಲ್ಲೆಲ್ಲಿಗೆ ವರ್ಗವಾಯಿತು ಎನ್ನುವುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಹೊತ್ತು ಹೋಗದವರು ಅದನ್ನು ತೆಗೆದು ನೋಡಬಹುದು. ನಾನು ಹೇಳಬೇಕಾದದ್ದು ಬೇರೆ. ಹೊರಗಿನಿಂದ ಬಂದ ಹೊಸ ಮೀನಿನಲ್ಲಿ ರೋಗ ಇದೆಯೋ ಇಲ್ಲವೋ ಎಂದು ಹೇಗೆ ಗುರುತಿಸುವುದು, ಗುರುತಿಸಿದ ಮೇಲೆ ನಿಮ್ಮ ಪಾಡು ಏನಾಗುತ್ತದೆ ಎನ್ನುವುದು. ಮೊದಲನೆಯದನ್ನು ನಿಮಗೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಎರಡನೆಯದನ್ನು ಯಾರೂ ಕಲಿಸಿರುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ ಸೇರಿತ್ತು. ನಾವು ಆಡುವುದು ಕನ್ನಡ, ಕಚೇರಿಯ ಕಾಗದ ಇಂಗ್ಲಿಷು, ಲಾರಿಯವರು ಬೈಯುವುದು ತಮಿಳು. ನನ್ನದು ಲೊಕ್ಕನಹಳ್ಳಿ ಕಡೆಯ ಒಕ್ಕಲು ಮನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಜನ ನಾವು, ಮೀನಿರಲಿ ಮೊಟ್ಟೆಯನ್ನೂ ಒಳಗೆ ತಂದವರಲ್ಲ. ವ್ಯವಸಾಯದ ಇಲಾಖೆಯಲ್ಲಿ ಜಾಗ ಖಾಲಿ ಇಲ್ಲವೆಂದು ನನ್ನನ್ನು ಮೀನಿನ ಇಲಾಖೆಗೆ ಫೀಲ್ಡ್‌ಮನ್ ಮಾಡಿ ಹಾಕಿದರು. ನಮ್ಮವ್ವ ಮೂರು ದಿನ ಮಾತಾಡಲಿಲ್ಲ. ಆಮೇಲೆ ಒಂದು ಕಟ್ಟಳೆ ಮಾಡಿದಳು: ಊರಿಗೆ ಬಂದರೆ ಅಂಗಿಯನ್ನು ದನದ ಕೊಟ್ಟಿಗೆಯಲ್ಲಿ ಬಿಚ್ಚಿಟ್ಟು, ಬಾವಿ ಹತ್ತಿರ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ನೆಂಟರು ನನ್ನನ್ನು ಮೀನಪ್ಪ ಎಂದು ಕರೆದು ನಗುತ್ತಿದ್ದರು. ಕರೆದುಕೊಳ್ಳಲಿ ಎಂದು ಬಿಟ್ಟುಬಿಟ್ಟೆ.

ಕೊಳ್ಳೇಗಾಲದ ಹೊರಗೆ, ಕಾಲುವೆ ಪಕ್ಕ, ಹೊಂಗೆ ಮರಗಳ ಕೆಳಗೆ ಏಳು ಸಿಮೆಂಟಿನ ತೊಟ್ಟಿ, ಒಂದು ಹುಲ್ಲಿನ ಚಾವಣಿಯ ಕೋಣೆ. ಅದೇ ನಮ್ಮ ಮೀನುಮರಿ ಕ್ಷೇತ್ರ. ಮೀನಿನ ಮರಿ ಬರುತ್ತಿದ್ದದ್ದು ಪೂರ್ವದ ಕಡಲ ತೀರದಿಂದ. ಹಾಲುಗೆಂಡೆ ಎಂದು ನಾವು ಕರೆಯುತ್ತಿದ್ದ ಆ ಮೀನು ಹುಟ್ಟುವುದು ಉಪ್ಪುನೀರಿನಲ್ಲಿ; ನಿಧಾನವಾಗಿ ಒಗ್ಗಿಸಿದರೆ ನಮ್ಮ ಕೆರೆಯ ಸಿಹಿನೀರಿನಲ್ಲೂ ಚೆನ್ನಾಗಿ ಬೆಳೆಯುತ್ತದೆ. ಬಂದಾಗ ಕೂದಲೆಳೆಗೆ ಎರಡು ಕಪ್ಪು ಚುಕ್ಕೆ ಇಟ್ಟಹಾಗೆ ಇರುತ್ತಿತ್ತು, ಆ ಚುಕ್ಕೆ ಅದರ ಕಣ್ಣು. ತಗಡಿನ ಡಬ್ಬಗಳಲ್ಲಿ ಕಡಲ ನೀರು ತುಂಬಿ, ರೈಲಿನಲ್ಲಿ ಕಳಿಸಿ, ಆಮೇಲೆ ಲಾರಿಗೆ ಹಾಕಿ, ದಿಂಬಂ ಘಾಟಿ ಹತ್ತಿಸಿ, ಹಾಸನೂರಿನ ಕಾಡು ದಾಟಿಸಿ, ಲೊಕ್ಕನಹಳ್ಳಿ ಮೇಲೆ ಕೊಳ್ಳೇಗಾಲಕ್ಕೆ ತರುತ್ತಿದ್ದರು. ಲಾರಿಯ ಡ್ರೈವರು ಪಳನಿ ಎಂಬ ತಮಿಳಿನವನು. ದಾರಿಯಲ್ಲಿ ಆನೆ ಅಡ್ಡ ನಿಂತಿತೆಂದರೆ ಅವನು ಹಿಂದಕ್ಕೆ ಹತ್ತಿ, ಆನೆ ಹೋಗುವವರೆಗೂ ಒಂದೊಂದೇ ಡಬ್ಬದ ನೀರನ್ನು ಅಂಗೈಯಿಂದ ಬಡಿದು ಮೀನಿಗೆ ಗಾಳಿ ಕೊಡುತ್ತಿದ್ದ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ಸಾಹೇಬರು ಒಳ್ಳೆಯವರು. ಎದೆಯ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇಟ್ಟುಕೊಂಡಿರುತ್ತಿದ್ದರು. ಸತ್ತ ಮೀನನ್ನು ತಂದು ತೋರಿಸಿದರೆ ಬೈದು ಕಳಿಸುತ್ತಿದ್ದರು. ಸತ್ತದ್ದರ ಮೈಮೇಲೆ ಅರ್ಧ ಗಂಟೆಯಲ್ಲಿ ಎಲ್ಲ ರೋಗವೂ ಕಾಣುತ್ತದೆ, ಬದುಕಿರುವುದನ್ನು ತಾ ಎನ್ನುತ್ತಿದ್ದರು. ಕಿವಿರು ಎತ್ತಿ ಬಣ್ಣ ನೋಡುವುದು, ರೆಕ್ಕೆಯ ಅಂಚು ಹರಿದಿದೆಯೋ ನೋಡುವುದು, ಮೈಮೇಲೆ ಲೋಳೆ ಹೆಚ್ಚಿದೆಯೋ ನೋಡುವುದು, ಇಷ್ಟನ್ನು ಅವರಿಂದ ಕಲಿತೆ. ಮೂಗು ನನ್ನದೇ. ಮೀನು ತಿನ್ನುವವರಿಗೆ ಎಲ್ಲ ಡಬ್ಬವೂ ಒಂದೇ ವಾಸನೆ, ನನಗೆ ಒಂದೊಂದೂ ಬೇರೆ. ಕೆಟ್ಟ ಡಬ್ಬದ ಮುಚ್ಚಳ ತೆಗೆದ ಕೂಡಲೇ ನನಗೆ ಹೊಟ್ಟೆ ತೊಳಸುತ್ತಿತ್ತು. ಸಾಹೇಬರು ಆಗ ನನ್ನ ಮುಖ ನೋಡಿಯೇ ಆ ಡಬ್ಬವನ್ನು ಪಕ್ಕಕ್ಕೆ ಇಡಿಸುತ್ತಿದ್ದರು.

ಉಳಿದದ್ದನ್ನು ಕಲಿಸಿದವಳು ಪುಟ್ಟಮಾದಮ್ಮ. ಅವಳ ಹೆಸರು ಯಾವ ವರದಿಯಲ್ಲೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತೇನೆ. ಕೊಳ್ಳೇಗಾಲದ ಬೆಸ್ತರ ಕೇರಿಯವಳು, ತೊಟ್ಟಿಗೆ ನೀರು ಹೊರಲು ದಿನಗೂಲಿಗೆ ಇಟ್ಟುಕೊಂಡಿದ್ದ ಹೆಂಗಸು. ನಡುವಯಸ್ಸು, ಗಟ್ಟಿ ಕೈ, ಯಾರ ಮುಲಾಜೂ ಇಲ್ಲದ ಬಾಯಿ. ನಾನು ಸೇರಿದ ಹೊಸತರಲ್ಲಿ ಒಂದು ದಿನ ಒಂದು ತೊಟ್ಟಿಯನ್ನು ಭೂತಗನ್ನಡಿ ಹಿಡಿದು ಪರೀಕ್ಷೆ ಮಾಡಿ, ಎಲ್ಲ ಮರಿಯೂ ಆರೋಗ್ಯವಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಅವಳು ಕೊಡದಿಂದ ತೊಟ್ಟಿಯ ಗೋಡೆಗುಂಟ ನೀರು ಸುರಿಯುತ್ತಾ, ಅರ್ಧ ಮೀನು ಹೋದಂಗೆಯೇ ಎಂದಳು. ನಾನು ನಕ್ಕೆ. ಮಾರನೆಯ ಬೆಳಿಗ್ಗೆ ಅರ್ಧ ಮೀನು ಮೇಲೆ ತೇಲುತ್ತಿತ್ತು. ಆಗ ಕೇಳಿದೆ, ಹೇಗೆ ಗೊತ್ತಾಯಿತು ನಿನಗೆ ಎಂದು.

ಅವಳು ಇನ್ನೊಂದು ತೊಟ್ಟಿಗೆ ಕೈಹಾಕಿ, ಮುದ್ದೆಯ ಹಿಟ್ಟು ತಿರುವಿದಂತೆ ನೀರನ್ನು ಒಂದೇ ದಿಕ್ಕಿಗೆ ಸುತ್ತಿಸಿ ಕೈ ತೆಗೆದಳು. ನೀರು ಸುತ್ತತೊಡಗಿತು. ಗಟ್ಟಿ ಮರಿಗಳೆಲ್ಲ ತಟಕ್ಕನೆ ತಲೆ ತಿರುಗಿಸಿ ನೀರಿಗೆ ಎದುರಾಗಿ, ಗೋಡೆಯ ಬದಿಯಲ್ಲಿ ಬಾಲ ಬಡಿಯುತ್ತಾ ನಿಂತವು. ಸೋತ ಮರಿಗಳು ನೀರಿನ ಜೊತೆಯಲ್ಲೇ ಸುತ್ತಿ ಸುತ್ತಿ ನಡುವಿಗೆ ಹೋಗಿ ಗುಡ್ಡೆಯಾದವು.

“ನೀರ್ಗೆ ಎದ್ರಾಗಿ ನಿಂತ್ಕಳದ ಮೀನು ನಾಳೀಕ್ ಇರಕಿಲ್ಲ ಕಣ್ ಸಾ,” ಎಂದಳು. “ನೀವ್ ಮೈ ನೋಡ್ತಿದ್ರಿ. ಮೈಗೆ ರೋಗ ಬರದು ಆಮ್ಯಾಕೆ.”

ಅಂದಿನಿಂದ ನಮ್ಮ ಕ್ಷೇತ್ರದಲ್ಲಿ ಬಂದ ಪ್ರತಿ ಡಬ್ಬಕ್ಕೂ ಮೊದಲು ಈ ಸುಳಿ ಪರೀಕ್ಷೆ, ಆಮೇಲೆ ಭೂತಗನ್ನಡಿ. ನಡುವೆ ಗುಡ್ಡೆಯಾದವನ್ನು ಬಟ್ಟಲಲ್ಲಿ ಎತ್ತಿ ಬೇರೆ ತೊಟ್ಟಿಗೆ ಹಾಕುತ್ತಿದ್ದೆವು. ಇನ್ನೊಂದು ಪದ್ಧತಿಯೂ ಅವಳದೇ. ಅವಳ ಕೇರಿಯಲ್ಲಿ ಸಂತೆಯಿಂದ ತಂದ ಕೋಳಿಯನ್ನು ನೇರವಾಗಿ ಗೂಡಿಗೆ ಬಿಡುತ್ತಿರಲಿಲ್ಲ. ಮನೆಯದೇ ಒಂದು ಮುದಿ ಕೋಳಿಯ ಜೊತೆ ಮಂಕರಿಯ ಕೆಳಗೆ ಒಂದು ವಾರ ಇಟ್ಟು, ಮುದಿ ಕೋಳಿ ತೂಕಡಿಸಲಿಲ್ಲ ಎಂದರೆ ಹೊಸದನ್ನು ಒಳಗೆ ಬಿಡುತ್ತಿದ್ದರು. ಹೊಸ ಮೀನಿಗೂ ಹಾಗೇ ಯಾಕೆ ಮಾಡಬಾರದು ಎಂದಳು. ಕೆರೆಯದೇ ಎರಡು ಗೆಂಡೆ ಮೀನನ್ನು ತಂದು, ಒಗ್ಗಿಸಿ ಮುಗಿದ ಹೊಸ ಮರಿಗಳ ಜೊತೆ ಹತ್ತು ದಿನ ಬಿಡುತ್ತಿದ್ದೆವು. ಅದಕ್ಕೆ ಸಾಕ್ಷಿ ಮೀನು ಎಂದು ಹೆಸರಿಟ್ಟವನು ಮಾತ್ರ ನಾನು. ಸಾಕ್ಷಿ ಮೀನು ಗೋಡೆಗೆ ಮೈ ಉಜ್ಜಿದರೆ, ರೆಕ್ಕೆ ಮುದುರಿಕೊಂಡು ನೀರು ಬೀಳುವ ಮೂಲೆಯಲ್ಲಿ ನಿಂತರೆ, ಆ ತೊಟ್ಟಿಯಿಂದ ಒಂದು ಮರಿಯೂ ಹೊರಗೆ ಹೋಗುತ್ತಿರಲಿಲ್ಲ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರು ಇರಬಹುದು, ಇರಲಿ.

ಒಂದು ಸಲ ಅವಳನ್ನು ಕೇಳಿದ್ದೆ, ಮೀನು ಹಿಡಿಯುವ ನಿಮ್ಮ ಜನಕ್ಕೇ ಕಾಣದ್ದು ಕೆಲವು ಸಲ ನನಗೆ ಹೇಗೆ ಕಾಣುತ್ತದೆ ಎಂದು. ಅದಕ್ಕವಳು, ನಮಗೆ ಮೀನು ನೋಡಿದರೆ ಸಾರು ಕಾಣುತ್ತದೆ, ನಿಮಗೆ ಮೀನೇ ಕಾಣುತ್ತದೆ ಎಂದಿದ್ದಳು. ನನ್ನ ಕೆಲಸದ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಮತ್ತೆ ಯಾರೂ ಆಡಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ತಪ್ಪು ಮಾಡಿಲ್ಲ ಎನ್ನುವ ಫೀಲ್ಡ್‌ಮನ್ ಒಂದೋ ಸುಳ್ಳು ಹೇಳುತ್ತಿರುತ್ತಾನೆ, ಇಲ್ಲ ಕೆಲಸವನ್ನೇ ಮಾಡಿರುವುದಿಲ್ಲ.

ಕಡಲ ಮರಿಯನ್ನು ಒಗ್ಗಿಸಬೇಕಾದರೆ ತೊಟ್ಟಿಯಲ್ಲಿ ಮೊದಲು ಉಪ್ಪು ಬೆರೆಸಿದ ನೀರು ಇರಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪ ತೆಗೆದು ಕಾಲುವೆ ನೀರು ಸೇರಿಸಬೇಕು. ಒಂದು ಮಳೆಗಾಲ, ಮೀನು ಬರುವ ದಿನವೇ ಕೋಣೆಯ ಚಾವಣಿ ಸೋರಿ ಉಪ್ಪಿನ ಮೂಟೆ ಕರಗಿ ಹರಿದುಹೋಗಿತ್ತು. ಅವತ್ತು ಅಂಗಡಿ ಬೀದಿಯೆಲ್ಲ ಮುಚ್ಚಿತ್ತು. ನನಗೊಂದು ಬುದ್ಧಿ ಹೊಳೆಯಿತು. ಅಗಸರು ಬಟ್ಟೆ ಬೇಯಿಸಲು ತರುವ ಸೌಳು ಮಣ್ಣು ಊರ ಕೆರೆಯ ಹಿಂದೆ ಬೇಕಾದಷ್ಟು ಬಿದ್ದಿತ್ತು. ನಾಲಿಗೆಗೆ ಇಟ್ಟು ನೋಡಿದೆ, ಉಪ್ಪುಪ್ಪಾಗಿತ್ತು. ಕಡಲೂ ಉಪ್ಪು, ಇದೂ ಉಪ್ಪು, ನಾಲಿಗೆ ಒಪ್ಪಿದ್ದನ್ನು ಮೀನು ಯಾಕೆ ಒಪ್ಪುವುದಿಲ್ಲ ಎಂದುಕೊಂಡೆ. ಎರಡು ಮಂಕರಿ ಕಲಸಿ, ತಿಳಿ ಬಸಿದು ತೊಟ್ಟಿಗೆ ಹಾಕಿದೆ. ಪುಟ್ಟಮಾದಮ್ಮ ಅವತ್ತು ಕೆಲಸಕ್ಕೆ ಬಂದಿರಲಿಲ್ಲ. ಪಳನಿ ತಂದ ಡಬ್ಬಗಳನ್ನೆಲ್ಲ ನಾನೇ ಅದಕ್ಕೆ ಬಗ್ಗಿಸಿದೆ. ಸುಳಿ ಪರೀಕ್ಷೆಯಲ್ಲಿ ಅಷ್ಟೂ ಮರಿ ಎದುರಾಗಿ ನಿಂತಿದ್ದವು, ಅದನ್ನು ನಾನು ಕಣ್ಣಾರೆ ನೋಡಿದ್ದೆ. ಸಂಜೆಯೊಳಗೆ ಒಂದೊಂದರ ಮೈಯೂ ಹಾಲಿನ ಕೆನೆ ಕಟ್ಟಿದಂತೆ ಬೆಳ್ಳಗಾಯಿತು. ಒಂದೂ ಉಳಿಯಲಿಲ್ಲ. ಬಟ್ಟೆಯ ಕೊಳೆ ತೆಗೆಯುವ ಸೌಳು ಮೀನಿನ ಮೈಯ ಲೋಳೆಯನ್ನು ಬಿಡುತ್ತದೆಯೇ?

ತಪ್ಪಾದದ್ದು ಒಂದು. ಅದಕ್ಕಿಂತ ದೊಡ್ಡದನ್ನು ಆಮೇಲೆ ಮಾಡಿದೆ. ರಿಜಿಸ್ಟರಿನಲ್ಲಿ, ದಾರಿಯಲ್ಲೇ ಸೋತು ಬಂದು ಸತ್ತವು ಎಂದು ಬರೆದೆ. ನಾನು ಹೊಸಬ, ಕೆಲಸ ಹೋದೀತೆಂಬ ಭಯ. ಅಷ್ಟು ಬರೆದರೆ ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಎರಡು ವಾರದಲ್ಲಿ ಪಳನಿಯನ್ನು ಮೀನಿನ ಲಾರಿಯಿಂದ ತೆಗೆದು ಮರ ಸಾಗಿಸುವ ಲಾರಿಗೆ ಹಾಕಿದರು. ಘಾಟಿಯಲ್ಲಿ ನಿದ್ದೆ ಹೊಡೆದು ಮೀನು ಸಾಯಿಸಿದ ಎಂದು ಅವನ ಮೇಲೆ ದೂರು ಬಂತು. ಪುಟ್ಟಮಾದಮ್ಮ ತೊಟ್ಟಿ ತೊಳೆಯುವಾಗ ತಳದ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ, ಬುಕ್ಕಿನಲ್ಲಿ ಏನು ಬರೆದಿರಿ ಎಂದು ಕೇಳಿದಳು. ಹೇಳಿದೆ. ಅವಳು ಇನ್ನೆರಡು ಕೊಡ ನೀರು ಸುರಿದು ತೊಟ್ಟಿ ತೊಳೆದಳು. ನಾಚಿಕೆಯಲ್ಲಿ ನಾನು ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಭೂತಗನ್ನಡಿಯ ಸಾಹೇಬರು ವರ್ಗವಾಗಿ ಹೋದಮೇಲೆ ಬಂದವರನ್ನು ನಾವು ಗಡಿಯಾರದ ಸಾಹೇಬರು ಎನ್ನುತ್ತಿದ್ದೆವು. ಮಾತಿಗೊಮ್ಮೆ ಗಡಿಯಾರ ತೆಗೆದು ನೋಡುವ ಮನುಷ್ಯ. ಎಷ್ಟು ಕೆರೆಗೆ ಎಷ್ಟು ಮೀನು ಬಿಟ್ಟಾಯಿತು ಎನ್ನುವುದೊಂದೇ ಅವರಿಗೆ ಬೇಕಾಗಿತ್ತು. ಬಿಟ್ಟ ಮೀನು ಬದುಕಿದೆಯೋ ಎಂದು ಕೇಳುವ ಕಾಲಮ್ಮು ಅವರ ಫಾರಂನಲ್ಲಿ ಇರಲಿಲ್ಲ. ಒಂದು ಮಾಗಿಯಲ್ಲಿ ಅವರು ಅರಸಮ್ಮನ ಕೆರೆಗೆ ಹಾಲುಗೆಂಡೆ ಬಿಡುವ ಸಮಾರಂಭ ಇಟ್ಟುಕೊಂಡರು. ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರನ್ನು ಕರೆದರು, ಕಾರ್ಡು ಅಚ್ಚಾಯಿತು.

ಅರಸಮ್ಮನ ಕೆರೆ ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಇದೆ. ಪುಟ್ಟಮಾದಮ್ಮನ ಕೇರಿಯ ಮನೆಗಳೆಲ್ಲ ಉಣ್ಣುತ್ತಿದ್ದದ್ದು ಆ ಕೆರೆಯ ಗೆಂಡೆಯಿಂದ. ಹಿಡಿದು ಮಾರುವವರು ಅವರೇ, ಮಾರಿ ಉಳಿದದ್ದು ಅವರ ಸಾರಿಗೆ. ಅದರ ಕೋಡಿ ನೀರು ಹರಿದು ಯಳಂದೂರಿನ ಕಡೆಯ ಕೆರೆಗೆ ಸೇರುತ್ತಿತ್ತು. ಅಲ್ಲಿಂದ ಆಚೆಗೆ ಬೇರೆ ಸರ್ಕಾರ. ಮೀನಿಗೆ ಅದೇನು ಗೊತ್ತು?

ಸಮಾರಂಭಕ್ಕೆ ಎರಡು ದಿನ ಮುಂಚೆ ಮೀನು ಬಂತು. ಈ ಸಲ ಬಂದದ್ದು ಕಡಲಿಂದ ನೇರವಾಗಿ ಅಲ್ಲ. ಘಾಟಿಯ ಕೆಳಗಿನ ಸೀಮೆಯ ಒಂದು ಸಿಹಿನೀರಿನ ಕೊಳದಲ್ಲಿ ಬೇರೆ ಮೀನುಗಳ ಜೊತೆ ಕೆಲವು ತಿಂಗಳು ಬೆಳೆಸಿ, ಬೆರಳುದ್ದ ಆದಮೇಲೆ ಕಳಿಸಿದ್ದರು. ಇಲ್ಲೊಂದು ವಿಷಯವನ್ನು ಹೊಸಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಡಲಿನ ಹುಳ ಸಾಮಾನ್ಯವಾಗಿ ಸಿಹಿನೀರಿನಲ್ಲಿ ಉಳಿಯುವುದಿಲ್ಲ, ಅದಕ್ಕೆ ಹೆದರಬೇಕಾದದ್ದು ಕಡಿಮೆ. ನಡುದಾರಿಯ ಕೊಳದಲ್ಲಿ ಅಂಟಿಸಿಕೊಂಡು ಬಂದದ್ದಿದೆಯಲ್ಲ, ಅದು ಇಲ್ಲಿಯ ಕೆರೆಯಲ್ಲಿ ಸಲೀಸಾಗಿ ಬಾಳುತ್ತದೆ. ಮೀನು ದಷ್ಟಪುಷ್ಟವಾಗಿತ್ತು, ಬೆಳ್ಳಿಯಂತೆ ಮಿಂಚುತ್ತಿತ್ತು. ನೋಡಿದವರೆಲ್ಲ ಆಹಾ ಎಂದರು. ನನಗೆ ಮುಚ್ಚಳ ತೆಗೆದ ಕೂಡಲೇ ಹೊಟ್ಟೆ ತೊಳಸಿತು.

ತೊಟ್ಟಿಗೆ ಬಿಟ್ಟೆವು. ಪುಟ್ಟಮಾದಮ್ಮ ಸುಳಿ ಎಬ್ಬಿಸಿದಳು. ಮೂರರಲ್ಲಿ ಎರಡು ಪಾಲು ನಡುವಿಗೆ ಹೋದವು. ಪ್ರಯಾಣದ ಆಯಾಸ ಇರಬಹುದು ಎಂದು ಒಂದು ದಿನ ಕಾದೆ. ಮಾರನೆಯ ದಿನವೂ ಅಷ್ಟೇ. ಕೆಲವು ಮೀನು ಸಿಮೆಂಟಿಗೆ ಪಕ್ಕೆ ಉಜ್ಜಿ ಚಿಮ್ಮುತ್ತಿದ್ದವು. ಒಂದನ್ನು ಬಟ್ಟಲಿಗೆ ಹಾಕಿ ನೋಡಿದರೆ, ಬಾಲದ ಬುಡದಲ್ಲಿ ರವೆ ಉದುರಿಸಿದಂತೆ ಬಿಳಿ ಕಾಳು, ಮೈಯೊಳಗೆ ಹೊಕ್ಕ ಹುಳದ ಗುರುತು. ಬಿಸಿಲುಗಾಲವಾಗಿದ್ದರೆ ಆ ರೋಗಕ್ಕೆ ಅಷ್ಟು ಬಲ ಇರುತ್ತಿರಲಿಲ್ಲ. ಮಾಗಿಯ ತಣ್ಣೀರಿನಲ್ಲಿ ಒಂದರಿಂದ ನೂರಕ್ಕೆ ಹತ್ತುತ್ತದೆ. ಮದ್ದೂ ಇತ್ತು. ಕಡಲಲ್ಲಿ ಹುಟ್ಟಿದ ಮೀನು, ಅದನ್ನು ಮತ್ತೆ ಉಪ್ಪುನೀರಿಗೆ ಹಾಕಿ ಹತ್ತು ದಿನ ಇಟ್ಟರೆ ಮೀನಿಗೆ ಸುಖ, ಹುಳಕ್ಕೆ ಸಾವು. ಉಪ್ಪು ಮೂಟೆ ಈ ಸಲ ನೆನೆಯದ ಕಡೆ ಇಟ್ಟಿದ್ದೆ.

ಗಡಿಯಾರದ ಸಾಹೇಬರ ಹತ್ತಿರ ಹೋಗಿ ಹತ್ತು ದಿನ ಕೊಡಿ ಎಂದು ಕೇಳಿದೆ. ಕಾರ್ಡು ಹಂಚಿ ಆಗಿದೆ ಎಂದರು. ಕೆರೆಯ ಗೆಂಡೆಯೆಲ್ಲ ಸಾಯುತ್ತದೆ, ಕೇರಿಯವರ ಅನ್ನ ಹೋಗುತ್ತದೆ ಎಂದೆ. ಮೀನು ಸತ್ತರೆ ಮತ್ತೆ ಮೀನು ಬಿಡೋಣ, ನಮ್ಮ ಇಲಾಖೆ ಇರುವುದೇ ಅದಕ್ಕೆ ಎಂದರು. ಕೋಡಿ ಬಿದ್ದರೆ ಯಳಂದೂರಿಗೂ ಹೋಗುತ್ತದೆ ಎಂದೆ. ಅದು ನಮ್ಮ ವ್ಯಾಪ್ತಿಯಲ್ಲ ಎಂದು ಗಡಿಯಾರ ನೋಡಿದರು. ಬೇಕಾದರೆ ಒಂದು ಟಿಪ್ಪಣಿ ಬರೆದುಕೊಡು, ಫೈಲಿಗೆ ಹಾಕುತ್ತೇನೆ ಎಂದರು. ಬರೆದುಕೊಟ್ಟೆ. ಹಾಗೆ ಬರೆದುಕೊಟ್ಟು ಕೈತೊಳೆದುಕೊಂಡು ಮನೆಗೆ ಹೋದವರನ್ನು ನನ್ನ ಸರ್ವಿಸಿನಲ್ಲಿ ಬಹಳ ಜನರನ್ನು ಕಂಡಿದ್ದೇನೆ. ಆ ಟಿಪ್ಪಣಿಯನ್ನು ಕೆರೆಯ ಮೀನು ಓದುವುದಿಲ್ಲ.

ಸಮಾರಂಭದ ಬೆಳಿಗ್ಗೆ ಕೆರೆ ಏರಿಯ ಮೇಲೆ ಹಸಿರು ತೋರಣ, ಕುರ್ಚಿ, ನಾದಸ್ವರ. ಹನ್ನೆರಡು ಡಬ್ಬ ಸಾಲಾಗಿ ಇಟ್ಟಿದ್ದರು. ಬೆಸ್ತರ ಕೇರಿಯವರು ಬಂದು ದೂರದಲ್ಲಿ ನಿಂತಿದ್ದರು. ಅವರಿಗೆ ಪುಟ್ಟಮಾದಮ್ಮ ಹೇಳಿಯಾಗಿತ್ತು, ಆದರೆ ಸರ್ಕಾರದ ಡಬ್ಬ ಮುಟ್ಟುವ ಧೈರ್ಯ ಯಾರಿಗಿದೆ? ನಾನು ಜಿಲ್ಲೆಯ ಅಧಿಕಾರಿಯ ಎದುರಿಗೆ ಹೋಗಿ, ಒಂದು ಡಬ್ಬದ ಮುಚ್ಚಳ ತೆಗೆದು, ಕೈಹಾಕಿ ಸುಳಿ ಎಬ್ಬಿಸಿ ತೋರಿಸಿದೆ. ಅವರು ಕುತೂಹಲದಿಂದ ಬಗ್ಗಿ ನೋಡಿ, ಏನಿದರ ಅರ್ಥ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ನಮ್ಮ ಸಾಹೇಬರು, ದಾರಿಯ ಆಯಾಸ, ಕೆರೆಗೆ ಬಿದ್ದರೆ ಸರಿಹೋಗುತ್ತದೆ ಎಂದು ನಕ್ಕು, ಜವಾನನಿಗೆ ಡಬ್ಬ ಎತ್ತು ಎಂದರು.

ಜವಾನ ಬಗ್ಗಿದ. ಪುಟ್ಟಮಾದಮ್ಮ ಬಂದು ಅವನಿಗೂ ಡಬ್ಬಗಳಿಗೂ ನಡುವೆ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು ಅಷ್ಟೇ. ಅವಳನ್ನು ನೋಡಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊದಲ ಡಬ್ಬವನ್ನು ಎತ್ತಿ, ನೀರಿನ ಕಡೆಗಲ್ಲ, ಏರಿಯ ಹಿಂಬದಿಗೆ, ಒಣ ಹುಲ್ಲಿನ ಮೇಲೆ ಬಗ್ಗಿಸಿದೆ. ಆಮೇಲೆ ಎರಡನೆಯದು. ಸಾಹೇಬರು ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ನಾದಸ್ವರದವನು ನಿಲ್ಲಿಸಬೇಕೋ ಊದಬೇಕೋ ತಿಳಿಯದೆ ಸ್ವಲ್ಪ ಹೊತ್ತು ಊದುತ್ತಲೇ ಇದ್ದ. ಹನ್ನೆರಡೂ ಡಬ್ಬವನ್ನು ನಾನೊಬ್ಬನೇ ಬಗ್ಗಿಸಿದೆ. ಬೇರೆ ಯಾರೂ ಕೈಹಾಕಬೇಡಿ, ಇದು ನನ್ನ ತಲೆಯ ಮೇಲಿರಲಿ ಎಂದು ಕೇರಿಯವರಿಗೆ ಹೇಳಿದೆ.

ಮೀನು ಹುಲ್ಲಿನ ಮೇಲೆ ಚಟಪಟ ಒದ್ದಾಡಿದವು. ಮೀನು ತಿನ್ನದ ಮನೆಯಲ್ಲಿ ಹುಟ್ಟಿದವನು ನಾನು. ಬೇಕೆಂದೇ ಜೀವ ತೆಗೆದದ್ದು ಅದೇ ಮೊದಲು. ಹತ್ತು ದಿನ ಉಪ್ಪುನೀರು ಕೊಟ್ಟಿದ್ದರೆ ಅವುಗಳಲ್ಲಿ ಎಷ್ಟೋ ಬದುಕುತ್ತಿದ್ದವು ಎಂದು ನನಗೆ ಗೊತ್ತಿತ್ತು. ನಾನೇ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆ. ದುಃಖವೂ ಇತ್ತು, ಸಿಟ್ಟೂ ಇತ್ತು.

ಅವತ್ತೇ ಮೆಮೊ ಬಂತು. ಸರ್ಕಾರದ ಸ್ವತ್ತು ನಾಶ, ಆಜ್ಞೆಯ ಉಲ್ಲಂಘನೆ, ಗಣ್ಯರ ಎದುರು ಅನುಚಿತ ವರ್ತನೆ. ವಿಚಾರಣೆಗೆ ಇನ್ನೂ ಕೆಲವು ದಿನ ಇತ್ತು. ಆ ದಿನಗಳು ನನಗೆ ಬಹಳ ಕಷ್ಟವಾದವು. ಬಿಡದೆ ಹೋದ ಮೀನಿನಿಂದ ಕೆರೆ ಸಾಯುತ್ತಿತ್ತು ಎಂದು ತೋರಿಸುವುದು ಹೇಗೆ? ಎಲ್ಲವನ್ನೂ ಹೂತುಬಿಟ್ಟಿದ್ದೆ. ನಾನು ನೋಡಿದ್ದೇ ತಪ್ಪಾಗಿದ್ದರೆ, ಸೌಳನ್ನು ಉಪ್ಪೆಂದುಕೊಂಡವನು ಇದನ್ನೂ ಏನೋ ಎಂದುಕೊಂಡಿದ್ದರೆ ಎಂದು ಕೂತಲ್ಲಿ ನಿಂತಲ್ಲಿ ಕೊರೆಯುತ್ತಿತ್ತು.

ಎಂಟನೆಯ ದಿನ ಪುಟ್ಟಮಾದಮ್ಮ ನನ್ನನ್ನು ತನ್ನ ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲೊಂದು ದೊಡ್ಡ ಮಡಕೆ. ಸಮಾರಂಭದ ಹಿಂದಿನ ದಿನವೇ ತೊಟ್ಟಿಯಿಂದ ನಾಲ್ಕು ಹಾಲುಗೆಂಡೆಯನ್ನು ಎತ್ತಿ ತಂದು, ಅರಸಮ್ಮನ ಕೆರೆಯ ಎರಡು ಗೆಂಡೆಯ ಜೊತೆ ಅದರಲ್ಲಿ ಬಿಟ್ಟಿದ್ದಳು. ಸಾಕ್ಷಿ ಮೀನಿನ ಮೈತುಂಬ ರವೆ ಕಾಳು. ಒಂದಾಗಲೇ ಮಗ್ಗುಲಾಗಿತ್ತು.

“ನೋಡ್ಕಳಿ ಸಾ,” ಎಂದಳು. “ನೀವ್ ತಪ್ ಮಾಡಿಲ್ಲ. ಇದ್ನ ನಾನ್ ನಿಮ್ಗೇಂತ ಮಡಗಿದ್ದು, ಅವ್ರಿಗಲ್ಲ.”

ಆದರೂ ಆ ಮಡಕೆಯನ್ನು ವಿಚಾರಣೆಗೆ ಹೊತ್ತುಕೊಂಡು ಹೋದೆ. ಗಡಿಯಾರದ ಸಾಹೇಬರು ಅದನ್ನು ಮೇಜಿನ ಮೇಲೆ ಇಡಬೇಡ, ನೀರು ಚೆಲ್ಲುತ್ತದೆ ಎಂದರು. ಬಗ್ಗಿ ಒಳಗೆ ನೋಡಲೂ ಇಲ್ಲ. ನಂತರ ದನಿ ತಗ್ಗಿಸಿ ಒಂದು ಹೇಳಿಕೆ ಮುಂದಿಟ್ಟರು, ಆಗಲೇ ಟೈಪಾಗಿತ್ತು. ನೀರು ಹೊರುವ ಹೆಂಗಸು ತೊಟ್ಟಿಗೆ ತಪ್ಪಾಗಿ ನೀರು ಬೆರೆಸಿದ್ದರಿಂದ ಮೀನು ಸೋತವು, ಅದನ್ನು ಕಂಡು ಫೀಲ್ಡ್‌ಮನ್ ಗಾಬರಿಯಲ್ಲಿ ಚೆಲ್ಲಿದ. ಇದಕ್ಕೆ ಸಹಿ ಹಾಕಿದರೆ ನನಗೊಂದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರೆ, ಅವಳನ್ನು ಕೆಲಸದಿಂದ ತೆಗೆಯುತ್ತಾರೆ, ಇಲಾಖೆಯ ಮಾನ ಉಳಿಯುತ್ತದೆ. ಅವಳು ದಿನಗೂಲಿಯವಳು ತಾನೇ, ಬೇರೆ ಕಡೆ ಹೋಗುತ್ತಾಳೆ ಎಂದರು. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದೂ ಸೇರಿಸಿದರು.

ಪುಟ್ಟಮಾದಮ್ಮ ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದಳು. ಕಿಟಕಿಯಿಂದ ಕಾಣುತ್ತಿದ್ದಳು. ನನಗೆ ಪಳನಿಯ ನೆನಪಾಯಿತು, ಡಬ್ಬದ ನೀರನ್ನು ಬಡಿಯುತ್ತಿದ್ದ ಅವನ ಅಂಗೈ. ಆ ಹಾಳೆಯನ್ನು ತಿರುಗಿಸಿ, ಹಿಂದುಗಡೆ ನನ್ನ ಕೈಯಾರೆ ಬರೆದೆ. ಮೀನಿಗೆ ಬರುವಾಗಲೇ ರೋಗ ಇತ್ತು. ಚೆಲ್ಲಿದವನು ನಾನು, ಗಾಬರಿಯಿಂದಲ್ಲ, ಬೇಕೆಂದೇ. ನೀರು ಹೊರುವವಳು ನಾನು ಹೇಳಿದಂತೆ ಮಾಡಿದ್ದಾಳೆ. ಅದರ ಕೆಳಗೆ ಇನ್ನೂ ಬರೆದೆ. ಹಿಂದೊಮ್ಮೆ ದಾರಿಯಲ್ಲಿ ಸೋತು ಸತ್ತವು ಎಂದು ನಾನು ದಾಖಲಿಸಿದ ಮೀನನ್ನು ಕೊಂದದ್ದು ನಾನು ಹಾಕಿದ ಸೌಳು; ಲಾರಿಯ ಪಳನಿಯದು ಏನೂ ತಪ್ಪಿಲ್ಲ.

ಸಾಹೇಬರು ಓದಿ ತಲೆ ಎತ್ತಿದರು. “ಇದನ್ನ ಯಾರು ಕೇಳಿದ್ರು ನಿನ್ನ?”

“ಯಾರೂ ಕೇಳ್ಲಿಲ್ಲ ಸಾರ್,” ಎಂದೆ. “ಅದಕ್ಕೇ ಇಷ್ಟು ದಿನ ನನ್ನತ್ರಾನೇ ಉಳಿದಿತ್ತು.”

ಶಿಕ್ಷೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಇನ್ಕ್ರಿಮೆಂಟು ನಿಲ್ಲಿಸಿದರು, ಹನಿ ನೀರೂ ಕಾಣದ ಒಂದು ದಾಖಲೆ ಕೋಣೆಗೆ ಹಾಕಿದರು. ಆಮೇಲೆ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾನೂ ಈ ಕಡೆಗೆ ಬಂದೆ, ನನ್ನ ಫೈಲು ಮಾತ್ರ ಆ ಕಡೆಯಲ್ಲೇ ಎಲ್ಲೋ ಉಳಿಯಿತು, ಹಾಗಾಗಿ ಮತ್ತೆ ಮೀನಿನ ಕೆಲಸವೇ ಸಿಕ್ಕಿತು. ಪುಟ್ಟಮಾದಮ್ಮನನ್ನು ತೆಗೆಯಲು ಅವರಿಗೆ ಕಾಗದ ಸಿಗಲಿಲ್ಲ. ಕೈ ನಡೆಯುವವರೆಗೂ ಅವಳು ಅಲ್ಲೇ ನೀರು ಹೊತ್ತಳು, ಬಂದ ಹೊಸ ಫೀಲ್ಡ್‌ಮನ್ನುಗಳಿಗೆಲ್ಲ ಸುಳಿ ಎಬ್ಬಿಸುವುದನ್ನು ಹೇಳಿಕೊಟ್ಟಳು. ಪಳನಿಗೆ ಮೀನಿನ ಲಾರಿ ಮತ್ತೆ ಸಿಗಲಿಲ್ಲ. ಒಂದು ಸಲ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ನಾನು ಎಲ್ಲವನ್ನೂ ಹೇಳಿದೆ. ಅವನು, ಮೀನು ಸತ್ತದ್ದು ತನ್ನ ಕೈಯಲ್ಲಲ್ಲ ಎಂದು ತನಗೆ ಮೊದಲೇ ಗೊತ್ತಿತ್ತು, ಬೇರೆಯವರಿಗೂ ಗೊತ್ತಾಗಬೇಕಿತ್ತು ಎಂದ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಈಗ ಮೀನಿನ ಮರಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಒಳ್ಳೆಯದೇ, ಆನೆ ಅಡ್ಡ ನಿಂತರೂ ಉಸಿರುಗಟ್ಟುವುದಿಲ್ಲ. ಆದರೆ ಚೀಲ ಬಿಚ್ಚದೆ ಕೆರೆಗೆ ತಂದು, ಫೋಟೊ ತೆಗೆಸಿಕೊಂಡು ಬಿಡುವವರನ್ನೂ ನೋಡಿದ್ದೇನೆ. ಮೊದಲು ಬಿಚ್ಚಿ, ಮೂಗು ಇಟ್ಟು ನೋಡಿ, ತೊಟ್ಟಿಗೆ ಹಾಕಿ ನೀರು ತಿರುವಿ. ಮೇಲಿನವರು ಗಡಿಯಾರ ತೆಗೆದರೆ ತೆಗೆಯಲಿ.

ಹೋದ ವರ್ಷ ಕೋಲೂರಿಕೊಂಡು ಅರಸಮ್ಮನ ಕೆರೆಗೆ ಹೋಗಿದ್ದೆ. ಏರಿಯ ಮೇಲೆ ಒಬ್ಬ ನಡುವಯಸ್ಸಿನವನು ಬಲೆ ಹೊಲಿಯುತ್ತಾ ಕೂತಿದ್ದ. ಪಕ್ಕದ ಕುಕ್ಕೆಯಲ್ಲಿ ಬೆಳಿಗ್ಗೆ ಹಿಡಿದ ಗೆಂಡೆ ಇನ್ನೂ ಬಾಲ ಬಡಿಯುತ್ತಿದ್ದವು. ಈ ಕೆರೆಯ ಮೀನಿಗೆ ಯಾವಾಗಲಾದರೂ ರೋಗ ಬಂದು ಸತ್ತದ್ದುಂಟೇ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಈ ಕೆರೆಗಾ? ನಮ್ ತಾತನ್ ಕಾಲ್ದಿಂದ್ಲೂ ಹಿಂಗೇ ಅದೆ. ಇದ್ಕೆ ಯಾವತ್ತೂ ಏನೂ ಆಗಿಲ್ಲ ಬುಡಿ ಸಾ.”

ಕಿವಿ ಸ್ವಲ್ಪ ಮಂದ ಎಂದು ಸುಳ್ಳು ಹೇಳಿ, ಆ ಮಾತನ್ನು ಅವನ ಬಾಯಿಂದ ಇನ್ನೊಂದು ಸಲ ಹೇಳಿಸಿಕೊಂಡು, ನಾನು ಬಸ್ಸಿನ ಕಡೆಗೆ ನಡೆದೆ.